ಇದ್ರೀಸನ ಊಟ

ಹುಟ್ಟುಕುರುಡ ತಮ್ಮ ಈಳಿಗೆಮಣೆಯ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದುದನ್ನು ಕಂಡು ಬಾಬಾಜಾನನ ಜೀವ ಬಾಯಿಗೆ ಬಂತು. ಕೈಚೀಲ ಅಲ್ಲೇ ಬಿಸಾಕಿ ಓಡಿದವನೇ ಇದ್ರೀಸನ ರಟ್ಟೆ ಹಿಡಿದು ಎಳೆದ.

“ಯಾರ್ಲಾ ನಿನ್ನ ಇಲ್ಲಿ ಕೂರಿಸಿದ್ದು?”

“ಬುಡು ಭಾಯ್, ಇವತ್ತು ಅಡುಗೆಮನೆ ಪಾಳಿ ನಂದು.”

ಪಿರಿಯಾಪಟ್ಟಣದ ಕಡೆಯ ಅವರೂರಿನ ಮೇಷ್ಟ್ರು ಕುರುಡನಿಗೆ ಪಾಠ ಹೇಳೋಕಾಗಲ್ಲ ಅಂತ ಬಾಗಿಲಲ್ಲೇ ವಾಪಸು ಕಳಿಸಿದ್ದರು. ಅದಕ್ಕೇ ಬಾಬಾಜಾನ್ ರಂಜಾನ್ ಮುಗಿಯುತ್ತಲೂ ತಮ್ಮನನ್ನು ಹುಣಸೂರಿನ ಈ ಮದರಸಾದ ಹಾಸ್ಟೆಲಿಗೆ ತಂದು ಬಿಟ್ಟಿದ್ದ. ಇಲ್ಲಿ ನೋಡಿದರೆ ಇದು!

ಪಾಠದ ಕೋಣೆಯಿಂದ ಹಜ್ರತ್ ಹೊರಬಂದರು. ಬಾಬಾಜಾನ್ ಗುರುಗಳಿಗೆ ಸಲಾಮನ್ನೂ ಹೇಳಲಿಲ್ಲ.

“ಏನ್ರೀ ಹಜ್ರತ್, ಓದುಸ್ತೀವಿ ಅಂತ ಕರ್ಕೊಂಡು ಜೀತಕ್ಕೆ ಮಡಿಕ್ಕೊಂಡಿದ್ದೀರಾ? ನಮ್ಮನೇಲಿ ಇವನು ಒಂದು ಲೋಟ ನೀರೂ ಕೈಯಾರೆ ಬಗ್ಗಿಸ್ಕೊಂಡೋನಲ್ಲ ಕಣ್ರೀ!”

“ನಾವೂ ಬಿಟ್ಟಿರಲಿಲ್ಲಪ್ಪಾ. ಅವನೇ ಹಠ ಹಿಡಿದ. ಪಾಠಕ್ಕೆ ಎಲ್ಲರ ಜೊತೆ ಕೂರಿಸ್ತೀರಿ, ಪಾಳಿಯಿಂದ ಮಾತ್ರ ನನ್ನ ಯಾಕೆ ಹೊರಗಿಡ್ತೀರಿ ಅಂದ. ಏನು ಹೇಳಲಿ?”

“ನೀವೇನೂ ಹೇಳೋದು ಬ್ಯಾಡ. ಉಂಡ ತಕ್ಷಣ ಕರ್ಕೊಂಡೋಯ್ತೀನಿ.”

ಹಜ್ರತ್ ಇದ್ರೀಸನ ಮುಖ ನೋಡಿದರು. ಅವನು ಮಿಕ್ಕ ಈರುಳ್ಳಿಯನ್ನು ತಡವಿ ತಡವಿ ಒಟ್ಟು ಮಾಡುತ್ತಿದ್ದ.

ಊಟಕ್ಕೆ ನೆಲದ ಮೇಲೆ ದಸ್ತರ್‌ಖಾನ್ ಬಟ್ಟೆ ಹಾಸಿದರು. ಒಂದೊಂದು ದೊಡ್ಡ ತಟ್ಟೆಯ ಸುತ್ತ ನಾಲ್ಕು ನಾಲ್ಕು ಜನ. ಅವರವರ ಮುಂದಿನ ಅನ್ನಕ್ಕೆ ಅವರವರೇ ಕೈಹಾಕುವುದು ಅಲ್ಲಿಯ ಪದ್ಧತಿ. ಬಾಬಾಜಾನ್ ತಮ್ಮನಿಗೆ ಒತ್ತಿಕೊಂಡೇ ಕೂತ. ತಲೆಯೊಳಗೆ ಸಿಟ್ಟು ಇನ್ನೂ ಕುದಿಯುತ್ತಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಅನ್ನಕ್ಕೆ ದಾಲ್ಚಾ ಸಾರು ಕಲೆಸಿ, ತುತ್ತು ಮಾಡಿ, ಇದ್ರೀಸನ ಬಾಯಿಗೆ ಹಿಡಿಯಿತು. ಅಮ್ಮ ಸತ್ತಾಗಿನಿಂದ ಅವನನ್ನು ಸಾಕಿದ ಕೈ ಅದು.

ಇದ್ರೀಸ್ ಮುಖ ತಿರುಗಿಸಿದ. ಜೊತೆಗೆ ಕೂತ ಹುಡುಗರು ಅಗಿಯುವುದನ್ನೇ ನಿಲ್ಲಿಸಿದರು.

“ನಾನು ಬರಲ್ಲ ಭಾಯ್.”

“ಯಾಕ್ಲಾ? ಮನೇಲಿ ಏನು ಕಮ್ಮಿ ಮಾಡಿದ್ದೆ ನಿಂಗೆ?”

“ಕಮ್ಮಿ ಅಂತಲ್ಲ... ಒಂದಿನಾನೂ ಹೊಟ್ಟೆ ತುಂಬ್ತಿರ್ಲಿಲ್ಲ.”

ಯಾರೋ ಕಪಾಳಕ್ಕೆ ಬಿಟ್ಟಂತಾಯಿತು. ಹಿಡಿದ ತುತ್ತಿನಿಂದ ದಾಲ್ಚಾ ಮೊಣಕೈವರೆಗೂ ಇಳಿಯುತ್ತಿದ್ದರೂ ಬಾಬಾಜಾನನಿಗೆ ತಿಳಿಯಲಿಲ್ಲ.

“ಬೇಕು ಅಂತ ಕೇಳೋಕೇನಾಗಿತ್ತೋ?”

ಇದ್ರೀಸ್ ತನ್ನ ಮುಂದಿನ ಅನ್ನವನ್ನು ಬೆರಳಲ್ಲಿ ತಡವಿ, ದೊಡ್ಡದೊಂದು ತುತ್ತು ಕಟ್ಟಿದ.

“ನಂಗೆ ತಿನ್ನುಸ್ತಾ ತಿನ್ನುಸ್ತಾನೇ ಹೊಗೆಸೊಪ್ಪಿನ ಕೆಲಸಕ್ಕೆ ಹೊತ್ತಾಯ್ತು ಅಂತ ನೀನು ಎದ್ದೋಯ್ತಿದ್ದೆ. ನೀನು ಕೈ ತೊಳೆಯೋ ಸದ್ದು ಕೇಳುಸ್ತಿತ್ತಲ್ಲ, ಆಗ ನಾನು ಬಾಯಿ ಮುಚ್ಕೊತಿದ್ದೆ.”