ಮೂರನೆಯ ಷರತ್ತು

“ಒಂದು, ಡಾಕ್ಟರೇಟ್, ಇದೆ. ಎರಡು, ಹತ್ತು ಸಂಶೋಧನಾ ಪ್ರಬಂಧ, ನಿಮ್ಮದು ಹನ್ನೆರಡಿದೆ. ಮೂರು...” ನೇಮಕಾತಿ ವಿಭಾಗದ ಮೇಡಂ ನನ್ನ ಅರ್ಜಿಯ ಹಾಳೆಯನ್ನು ತಿರುವಿ ಹಿಂದೆ ಮುಂದೆ ನೋಡಿದರು. “ಮೂರು ಇಲ್ವಲ್ಲ ಸಾರ್.”

ಮೂರನೆಯ ಷರತ್ತು ಹೀಗಿತ್ತು: ಅಭ್ಯರ್ಥಿಯು ಕ್ವಾಂಟಂ ಕಂಪ್ಯೂಟರಿನ ಶೀತಯಂತ್ರವನ್ನು ಸ್ವತಃ ಬಿಚ್ಚಿ ಜೋಡಿಸಿದ ಅನುಭವ ಹೊಂದಿರತಕ್ಕದ್ದು.

“ಯಾವ ಪುಣ್ಯಾತ್ಮ ಬರೆದನೋ ಇದನ್ನ!” ಮೇಡಂ ಮರುಕದಿಂದ ಹೇಳಿದರು. “ಇಪ್ಪತ್ತಮೂರು ಅರ್ಜಿ ಇದೊಂದಕ್ಕೇ ಬಿದ್ದುಹೋಗಿವೆ.”

“ನಾನೇ,” ಎಂದೆ.

ನಿಜ, ನಾನೇ. ಆರು ವರ್ಷದಿಂದ ಹಂಗಾಮಿಯಾಗಿ ದುಡಿಯುತ್ತಿದ್ದ ನನ್ನನ್ನು ನಿರ್ದೇಶಕರು ಕರೆದು, “ಕಾಯಂ ಹುದ್ದೆ ಮಂಜೂರಾಗಿದೆ. ಜಾಹೀರಾತು ನೀನೇ ಬರೆದುಬಿಡಪ್ಪಾ, ನಿನ್ನ ಅಳತೆಗೆ,” ಎಂದಿದ್ದರು. ಎಲ್ಲರೂ ಹಾಗೇ ಹೊಲಿಸಿಕೊಳ್ಳುತ್ತಾರೆ. ಆದರೆ ನಾಳೆ ಯಾರೂ ಬೆರಳು ತೋರಿಸಬಾರದೆಂದು ನಾನು ನನ್ನಲ್ಲಿಲ್ಲದ ಅರ್ಹತೆಯೊಂದನ್ನು ಹುಡುಕಿ ಸೇರಿಸಿದೆ. ಬರೆಯುವಾಗ ನಾನು ಭಾರೀ ದೊಡ್ಡ ಮನುಷ್ಯನಂತೆ ನನಗೇ ಕಂಡೆ. ಆ ಷರತ್ತು ನನಗೂ ಅನ್ವಯಿಸುತ್ತದೆಂಬುದು ಹೊಳೆಯಲೇ ಇಲ್ಲ. ಹೆಂಡತಿ ಓದಿ, “ಇಂಥವರು ಸಿಕ್ಕಿದ್ದಿದ್ರೆ ನಾನು ಇವರನ್ನೇ ಮದುವೆ ಆಗ್ತಿದ್ದೆ ಕಣ್ರೀ,” ಎಂದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡಿದ್ದೆ.

“ನಿಮ್ಮ ಹನ್ನೆರಡು ಪ್ರಬಂಧ ಯಾವುದರ ಮೇಲೆ ಸಾರ್?”

“ಕ್ವಾಂಟಂ ಕಂಪ್ಯೂಟರು ಲೆಕ್ಕ ಮಾಡ್ತಾ ಮಾಡ್ತಾ ತಪ್ಪು ಮಾಡುತ್ತಲ್ಲ, ಅದನ್ನ ಆಗಿಂದಾಗಲೇ ಹಿಡಿದು ತಿದ್ದೋದು ಹೇಗೆ ಅಂತ.”

“ಓ,” ಎಂದರು ಮೇಡಂ. ನನ್ನ ಸಂಶೋಧನೆಗೆ ಈವರೆಗೆ ಬಂದ ವಿಮರ್ಶೆಗಳಲ್ಲಿ ಅದೇ ಅತ್ಯಂತ ನಿಖರವಾದದ್ದು.

ಅಷ್ಟಾದರೂ ಅವರಿಗೆ ಕನಿಕರ ಬಂತು. “ಒಂದು ಅನುಭವ ಪತ್ರ ತಂದುಬಿಡಿ. ಪ್ರಯೋಗಾಲಯದ ಉಸ್ತುವಾರಿಯವರ ಸಹಿ ಇದ್ರೆ ಸಾಕು. ಐದು ಗಂಟೆಗೆ ಪಟ್ಟಿ ಮುಚ್ಚಬೇಕು.”

“ಉಸ್ತುವಾರಿ ನಾನೇ ಮೇಡಂ.”

“ಮತ್ತಿನ್ನೇನು!” ಎಂದು ಮುಖ ಅರಳಿಸಿದರು. “ನಿಮಗೆ ನೀವೇ ಕೊಟ್ಕೊಂಡು ಬನ್ನಿ ಹೋಗಿ.”

ಪ್ರಯೋಗಾಲಯಕ್ಕೆ ಬಂದು ‘ಈ ಮೂಲಕ ದೃಢೀಕರಿಸುವುದೇನೆಂದರೆ’ ಎಂದು ಟೈಪ್ ಮಾಡಿದೆ. ಕೈ ಮುಂದೆ ಹೋಗಲಿಲ್ಲ. ಪ್ರಾಮಾಣಿಕತೆ ಎಂದು ಹೇಳಿಕೊಳ್ಳಲಾರೆ. ಎದುರಿಗೆ ಮೆಕ್ಯಾನಿಕ್ ಕುಳಿತಿದ್ದರು. ಇಲ್ಲಿನ ಯಂತ್ರಗಳನ್ನು ಬಿಚ್ಚುವವರೂ ಜೋಡಿಸುವವರೂ ಅವರೊಬ್ಬರೇ. ನಾನು ಸೇರಿದ ಮೊದಲ ವಾರವೇ ಒಂದು ಕವಾಟಕ್ಕೆ ಕೈ ಹಾಕಿದ್ದಾಗ, “ನೀವು ಪೆನ್ನು ಹಿಡ್ಕೊಳಿ ಸಾರ್, ಅದಕ್ಕೆ ಸೋರೋ ರೋಗ ಇಲ್ಲ,” ಎಂದಿದ್ದರು. ಈಗ ವಿಷಯ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

“ಹಾಗಾದ್ರೆ ಬಿಚ್ಚಿಯೇಬಿಡಿ. ಆದ್ರೆ ಆ ದೊಡ್ಡ ಶೀತಯಂತ್ರ ಮುಟ್ಟಂಗಿಲ್ಲ. ಬಾಹ್ಯಾಕಾಶಕ್ಕಿಂತ ತಣ್ಣಗಿದೆ, ಬೆಚ್ಚಗಾಗೋಕೇ ಎರಡು ದಿನ ಬೇಕು. ಒಳಗೆ ನಿಮ್ಮ ವಿದ್ಯಾರ್ಥಿನೀದು ಮೂರು ತಿಂಗಳ ಪ್ರಯೋಗ ಬೇರೆ ಓಡ್ತಿದೆ.” ಮೂಲೆಯಲ್ಲಿ ನಾಲ್ಕು ವರ್ಷದಿಂದ ಕೆಟ್ಟು ನಿಂತಿದ್ದ ಹಳೆಯ ಶೀತಯಂತ್ರದ ಮುಸುಕು ಎಳೆದರು. “ಇದಿದೆಯಲ್ಲ.”

“ಸತ್ತಿರೋದು ನಡೆಯುತ್ತಾ?”

“ಜೀವ ಇರ್ಬೇಕು ಅಂತ ಷರತ್ತಲ್ಲಿ ಬರೆದಿದೀರಾ?”

“ಇಲ್ಲ.”

“ಅಷ್ಟರಮಟ್ಟಿಗೆ ದೊಡ್ಡ ಮನಸ್ಸು ನಿಮ್ದು.”

ಹನ್ನೊಂದಕ್ಕೆ ಮೊದಲ ತಿರುಪು ಬಿಚ್ಚಿದೆ. ಚಿನ್ನದ ಲೇಪದ ತಾಮ್ರದ ತಟ್ಟೆಗಳು, ಕರುಳಿನಂತೆ ಸುತ್ತಿಕೊಂಡ ಸಣ್ಣ ನಳಿಕೆಗಳು, ಉಗುರಿಗೂ ಸಿಗದ ವಾಷರುಗಳು ಒಂದೊಂದಾಗಿ ಹೊರಬಂದವು. ಹನ್ನೆರಡು ಪ್ರಬಂಧಗಳಲ್ಲೂ ನಾನು ಒಂದು ಚೌಕ ಎಳೆದು, ಒಳಗೆ ‘ಶೀತಯಂತ್ರ’ ಎಂದು ಬರೆದು ಮುಂದೆ ಹೋಗಿದ್ದೆ. ಆ ಚೌಕದೊಳಗೆ ಇಷ್ಟೊಂದು ಸಾಮಾನಿತ್ತು. ಎರಡು ಗಂಟೆಯ ಹೊತ್ತಿಗೆ ನೆಲದ ಮೇಲೆ ಕಾಲಿಡಲು ಜಾಗವಿರಲಿಲ್ಲ. ಮೊಣಕೈ ತರಚಿತ್ತು, ಅಂಗಿಗೆ ಗ್ರೀಸು ಮೆತ್ತಿತ್ತು. ವರ್ಷಗಳ ನಂತರ ನಾನು ಹಸಿವೆಯನ್ನು ಮರೆತಿದ್ದೆ.

“ಈಗ ಜೋಡಿಸಿ,” ಎಂದು ಮೆಕ್ಯಾನಿಕ್ ಸ್ಟೂಲಿನ ಮೇಲೆ ಕೈ ಕಟ್ಟಿ ಕುಳಿತರು.

ಐದಕ್ಕೆ ಕಾಲು ಗಂಟೆ ಇರುವಾಗ ಎರಡು ತಟ್ಟೆ ಮೇಲೇರಿದ್ದವು, ಅವುಗಳಲ್ಲೊಂದು ತಲೆಕೆಳಗಾಗಿ. ಅಂಗೈಯಲ್ಲಿ ಯಾವ ತೂತಿಗೂ ಸೇರದ ಹನ್ನೊಂದು ತಿರುಪುಗಳಿದ್ದವು.

“ಸ್ವಲ್ಪ ಕೈ ಜೋಡಿಸ್ತೀರಾ?” ಎಂದೆ.

“‘ಸ್ವತಃ’ ಅಂತ ಬರೆದೋರು ನೀವು ಸಾರ್. ನಾನು ಕೈ ಹಾಕಿದ್ರೆ ಅದು ಸುಳ್ಳಾಗಲ್ವಾ?”

ಗ್ರೀಸು ಕೈಯಲ್ಲೇ ಪತ್ರ ಮುಗಿಸಿದೆ: ‘ಸದರಿಯವರು ಶೀತಯಂತ್ರವನ್ನು ಸ್ವತಃ ಬಿಚ್ಚಿರುತ್ತಾರೆ. ಜೋಡಿಸುವ ಕಾರ್ಯ ಪ್ರಗತಿಯಲ್ಲಿದೆ.’ ಕೆಳಗೆ ಸಹಿ ಹಾಕಿ, ಮೊಹರು ಒತ್ತಿ, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರುತ್ತಾ ನೇಮಕಾತಿ ವಿಭಾಗಕ್ಕೆ ಓಡಿದೆ.

ಮೇಡಂ ಪತ್ರವನ್ನು ಒಮ್ಮೆ ಓದಿದರು. ನನ್ನ ಅಂಗಿ ನೋಡಿದರು. ಇನ್ನೊಮ್ಮೆ ಓದಿದರು.

“ಹದಿನೆಂಟು ವರ್ಷದಲ್ಲಿ ಎಲ್ಲರೂ ಎಲ್ಲಾನೂ ಮಾಡಿದೀನಿ ಅಂತಲೇ ಪತ್ರ ತಂದಿದಾರೆ. ಅರ್ಧ ಮಾಡಿದೀನಿ ಅಂತ ತಂದೋರು ನೀವೇ ಮೊದಲು,” ಎಂದು ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. “ನನ್ನ ಹತ್ರ ಇರೋದು ಎರಡೇ ಖಾನೆ ಸಾರ್. ‘ಹೌದು’, ‘ಇಲ್ಲ’.”

ಗೋಡೆಯ ಗಡಿಯಾರ ಐದು ತೋರಿಸುತ್ತಿತ್ತು. ಅವರ ಪೆನ್ನಿನ ತುದಿ ಎರಡೂ ಖಾನೆಗಳ ನಡುವಿನ ಗೆರೆಯ ಮೇಲೆ ನಿಂತಿತ್ತು, ಒಂದು ಚುಕ್ಕೆ ಶಾಯಿ ನಿಧಾನವಾಗಿ ಎರಡೂ ಕಡೆಗೆ ಹರಡುತ್ತಿತ್ತು.