ಪೆನಾಲ್ಟಿಗೆ ಮಾಡಿಸಿದ ಇನ್ಶೂರೆನ್ಸು

“ಅಬ್ಬಾ, ಕೊನೇ ದಿನವಾದ್ರೂ ಮುಗಿಸಿದೆ. ಇನ್ನು ಟ್ಯಾಕ್ಸ್ ಕಟ್ಟೋವಾಗ ಪೆನಾಲ್ಟಿ ಅಂತ ಯಾರೂ ಕೇಳೋ ಹಾಗಿಲ್ಲ!” ಎಂದು ಜಗನ್ ಲ್ಯಾಪ್‌ಟಾಪ್ ಮುಚ್ಚಿದ. ಕೆಲಸದ ಜೊತೆ ಆಫೀಸಿನ ಹೆಲ್ತ್ ಇನ್ಶೂರೆನ್ಸೂ ಹೋಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ಇನ್ಶೂರೆನ್ಸ್ ಇಲ್ಲದವರಿಗೆ ಟ್ಯಾಕ್ಸಿನ ಮೇಲೆ ದಂಡ ಬೇರೆ. ಆನ್‌ಲೈನಿನಲ್ಲಿ ಹೊಸ ಇನ್ಶೂರೆನ್ಸ್ ಮಾಡಿಸಿ ಅದನ್ನು ತಪ್ಪಿಸಿದ್ದೇ ಅವನಿಗೆ ದೊಡ್ಡ ಗೆಲುವು.

ಅಡುಗೆಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ವಾಣಿಶ್ರೀ ಸ್ಟವ್ ಆರಿಸಿ ಬಂದಳು. ದೀಪಾವಳಿ ಹೊತ್ತಿಗೆ ಎಡ ಎದೆಯಲ್ಲಿ ಕೈಗೆ ಸಿಕ್ಕಿದ ಗಂಟು ಅಂದಿನಿಂದ ಅವಳನ್ನು ನೆಟ್ಟಗೆ ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಇನ್ಶೂರೆನ್ಸ್ ಒಂದು ಆಗಲಿ ಎಂದು ಜೀವ ಕೈಯಲ್ಲಿ ಹಿಡಿದು ಕಾದಿದ್ದಳು.

“ಹಾಗಾದ್ರೆ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೋತೀನಿ ರೀ.”

ಜಗನ್ ಬೆಚ್ಚಿಬಿದ್ದ. “ಏಯ್, ಇದರಲ್ಲಿ ತೋರಿಸೋಕಾಗಲ್ಲ ಕಣೇ. ಇದ್ದಿದ್ರಲ್ಲೇ ಚೀಪ್ ಪ್ಲಾನು. ಸ್ಕ್ಯಾನು ಗೀನು ಅಂದ್ರೆ ಮೊದಲು ನಮ್ಮ ಕೈಯಿಂದಲೇ ಹೋಗುತ್ತೆ. ಇದು ಪೆನಾಲ್ಟಿ ತಪ್ಪಿಸೋಕೆ ಅಷ್ಟೇ.”

“ಮತ್ತೆ ಗಂಟು?”

“ಜೂನ್‌ನಲ್ಲಿ ಮಂಡ್ಯಕ್ಕೆ ಹೋಗ್ತೀವಲ್ಲ, ಅಲ್ಲೇ ತೋರಿಸಿದ್ರಾಯ್ತು. ಹೇಗಿದ್ರೂ ನನ್ನ ರೂಟ್ ಕೆನಾಲೂ ಇದೆ.”

ಇದು ಇಲ್ಲಿನ ನಮ್ಮವರ ಹಳೇ ಚಾಳಿ. ಹಲ್ಲು, ಕನ್ನಡಕ, ಮಂಡಿನೋವು ಎಲ್ಲವನ್ನೂ ಊರಿನ ಟ್ರಿಪ್ಪಿಗೆ ಎತ್ತಿಟ್ಟು, ಬರುವಾಗ ಸೂಟ್‌ಕೇಸಿನ ತುಂಬ ಮಾತ್ರೆ ತುಂಬಿಕೊಂಡು ಬರುವುದು. ವಾಣಿಶ್ರೀಯೂ ಎಷ್ಟೋ ಸಲ ನಗುನಗುತ್ತ ಹಾಗೆ ಮಾಡಿದವಳೇ. ಆದರೆ ಅವನು ತನ್ನ ಹಲ್ಲನ್ನೂ ಇವಳ ಗಂಟನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಾಗ ಅವಳಿಗೆ ಮೈಯೆಲ್ಲ ಉರಿದುಹೋಯಿತು.

“ಸರ್ಕಾರ ದಂಡ ಹಾಕುತ್ತೆ ಅಂದಿದ್ದಕ್ಕೆ ಬೆಳಿಗ್ಗೆಯಿಂದ ಕೂತ ಜಾಗ ಬಿಟ್ಟು ಏಳಲಿಲ್ಲ ನೀವು. ನಾನು ದೀಪಾವಳಿಯಿಂದ ಬಡ್ಕೋತಾ ಇದೀನಿ. ನಾನೂ ಒಂದು ದಂಡ ಹಾಕಿದ್ದಿದ್ರೆ ಕಿವಿಗೆ ಬೀಳ್ತಿತ್ತೇನೋ!”

“ಕೂಗಬೇಡ, ಸ್ವಲ್ಪ ಯೋಚನೆ ಮಾಡು. ಏನೂ ಇಲ್ಲ ಅಂತ ರಿಪೋರ್ಟ್ ಬಂದ್ರೆ ಅಷ್ಟೂ ದುಡ್ಡು ವೇಸ್ಟ್ ತಾನೇ?”

ಏನೂ ಇಲ್ಲ ಎಂಬ ಆ ಒಂದು ಮಾತಿಗಾಗಿ ಅವಳು ಇಷ್ಟು ದಿನ ಕಂಡಕಂಡ ದೇವರಿಗೆಲ್ಲ ಕೈ ಮುಗಿದಿದ್ದಳು. ಇವನಿಗೆ ಅದು ವೇಸ್ಟು! ಇನ್ನು ಈ ಮನುಷ್ಯನ ಹತ್ತಿರ ಮಾತಾಡಿ ಬಾಯಿ ನೋಯಿಸಿಕೊಳ್ಳುವುದು ಬೇಡವೆನಿಸಿತು.

ಅವನ ಎದುರೇ ಫೋನ್ ತೆಗೆದು ಕ್ಲಿನಿಕ್ಕಿಗೆ ಮಾಡಿ ಸ್ಪೀಕರಿಗೆ ಹಾಕಿದಳು. ಸೋಮವಾರ ಬೆಳಿಗ್ಗೆ ಬರಲು ಹೇಳಿದ ಆ ಕಡೆಯ ಹುಡುಗಿ ಹೆಸರು, ವಯಸ್ಸು, ಮನೆಯ ವಿಳಾಸ ಎಲ್ಲ ಬರೆದುಕೊಂಡಳು. ಕೊನೆಗೆ, ಹೆಚ್ಚುಕಡಿಮೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿದಳು.

ಜಗನ್ ತನ್ನ ನಂಬರು ಹೇಳಲು ಬಾಯಿ ತೆರೆದ.

ವಾಣಿಶ್ರೀ ಅವನ ಮುಖವನ್ನೇ ನೋಡುತ್ತ ಪಕ್ಕದ ಅಪಾರ್ಟ್‌ಮೆಂಟಿನ ಮೆಹ್ರೀನಳ ಹೆಸರು ಹೇಳಿ, ಅವಳ ನಂಬರನ್ನು ಒಂದೊಂದೇ ಅಂಕಿ ಬಿಡಿಸಿ ಬರೆಸಿದಳು.