ಸಡಿಲವಾದ ಬೆಲ್ಟು

"ಅಮ್ಮಾ, ಒಂಚೂರು ಹಿಡ್ಕೊಳ್ತೀರಾ? ಬೆಲ್ಟು ಸಡಿಲ ಆಗಿದೆ."

ಹೆದ್ದಾರಿ ಪಕ್ಕದ ಟೀ ಅಂಗಡಿಯ ದಾಕ್ಷಾಯಿಣಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಜೀಪಿನ ಹಿಂದಿನ ತೆರೆದ ಟ್ರೇಲರಿನ ಮೇಲೆ ಬೆಲ್ಟು ಹಾಕಿ ಕಟ್ಟಿದ ಎರಡು ಡರ್ಟ್ ಬೈಕುಗಳಿದ್ದವು, ಮಣ್ಣುಹಾದಿಯಲ್ಲಿ ಓಡಿಸುವಂಥವು. ಅವಳು ಒಂದರ ಹ್ಯಾಂಡಲ್ ಹಿಡಿದು ನೆಟ್ಟಗೆ ನಿಲ್ಲಿಸಿದಳು. ನರೆತ ಗಡ್ಡದ ಆತ, ಬೈಕಿನ ಮೂತಿ ತಗ್ಗುವವರೆಗೆ ಬೆಲ್ಟು ಎಳೆದು ಬಿಗಿದ.

"ಎರಡೂ ನಿಮ್ಮವೇನಣ್ಣ?"

"ಇದು ನನ್ನ ಗೆಳೆಯಂದು. ನಾನು ಬಿಗಿಯೋವಾಗ ಅವನೇ ಹಿಡ್ಕೊಂಡು ಹರಟ್ತಾ ಇದ್ದ. ಹೋದ ವರ್ಷ ತೀರ್ಕೊಂಡ. ಗಾಡೀನ ಮನೇಲಿ ಬಿಟ್ಟು ಬರೋಕೆ ಮನಸಾಗಲ್ಲ."

ಆತ ಗೆಳೆಯನ ಕಥೆ ಹೇಳುತ್ತಲೇ ಹೋದ. ಒಲೆಯ ಮೇಲೆ ಹಾಲು ಉಕ್ಕಿದರೂ ಅವಳು ಕೈ ಬಿಡಲಿಲ್ಲ. ಆತ ಹೊರಡುವ ಮುನ್ನ ತಾನೇ ಬೆಲ್ಟನ್ನು ಜಗ್ಗಿ ನೋಡಿದಳು. ಒಂದಿಷ್ಟೂ ಅಲುಗಾಡಲಿಲ್ಲ.

ಸ್ವಲ್ಪ ಹೊತ್ತಿಗೆ, ಮುಂದಿನ ಊರಿನಲ್ಲಿ ಹೋಟೆಲಿಟ್ಟಿರುವ ತಂಗಿಯ ಫೋನು ಬಂತು.

"ಅಕ್ಕಾ, ಇಲ್ಲೊಬ್ರು ಗಡ್ಡದೋರು ಎರಡು ಬೈಕ್ ಹೇರ್ಕೊಂಡು ಬಂದವ್ರೆ. ಬೆಲ್ಟು ಸಡಿಲ ಆಗಿದೆ, ಹಿಡ್ಕೊಳ್ಳಿ ಅಂತಾರೆ. ಅದನ್ನ ಬಿಚ್ಚಿದ್ದೇ ಅವರು, ನಾನು ಕಣ್ಣಾರೆ ನೋಡ್ದೆ! ಏನು ನಾಟಕ ಅಂತೀನಿ?"

"ಹೋಗಿ ಹಿಡ್ಕೊಳೇ," ಎಂದಳು ದಾಕ್ಷಾಯಿಣಿ. "ಅವರ ಮಾತು ಮುಗಿಯೋವರೆಗೂ ಬಿಡಬೇಡ."